‘ಕೆಟ್ಟಾಗ ತಂದರಾಯ್ತು’ ಅನ್ನಬೇಡಿ

ಮಂಡ್ಯ ಸುತ್ತಮುತ್ತ ಆಲೆಮನೆ ನಡೆಸುವವರಿಗೆ ಒಂದು ಮಾತು ಹೇಳಲೇಬೇಕು. ನಾನು ಮಿಷನ್ ರಿಪೇರಿ ಕೆಲಸದವನು. "ಸ್ಪೇರ್ ಪಾರ್ಟ್ ತಂದಿಟ್ಟರೆ ದುಡ್ಡು ಸುಮ್ನೆ ಕೂತಿರುತ್ತೆ, ಕೆಟ್ಟಾಗ ತಂದರಾಯ್ತು ಬಿಡಿ" ಅನ್ನುವ ಮಾಲೀಕರೇ ಜಾಸ್ತಿ. ಈ ಲೆಕ್ಕ ತಪ್ಪು.

ಗಾಣದ ಬೇರಿಂಗ್ ರಾತ್ರಿ ಹೊತ್ತು ಹೋಯ್ತು ಅಂದುಕೊಳ್ಳಿ. ಅಂಗಡಿ ತೆಗೆಯುವುದು ಬೆಳಿಗ್ಗೆಯೇ. ಇಲ್ಲಿ ಆ ನಂಬರ್ ಇಲ್ಲ ಅಂದರೆ ಮೈಸೂರಿಗೆ ಓಡಬೇಕು, ಅಲ್ಲೂ ಸಿಗದಿದ್ದರೆ ಬೆಂಗಳೂರು. ಅಷ್ಟೊತ್ತೂ ಕಡಿದ ಕಬ್ಬು ಆಲೆಮನೆ ಮುಂದೆ ಬಿಸಿಲಲ್ಲಿ ಬಿದ್ದಿರುತ್ತದೆ. ಅದನ್ನು 24 ಗಂಟೆಯೊಳಗೆ ಅರೆದರೆ ಒಳ್ಳೆಯದು. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಒಡೆಯುತ್ತದೆ, ಬೆಲ್ಲ ಗಟ್ಟಿಯಾಗಿ ಕೂರುವುದಿಲ್ಲ. ಜೊತೆಗೆ ಕೆಲಸದವರು ಕೈಕಟ್ಟಿ ಕೂತಿರುತ್ತಾರೆ. ಇಷ್ಟೆಲ್ಲ ನಷ್ಟದ ಮುಂದೆ ಒಂದು ಬೇರಿಂಗಿನ ಬೆಲೆ ಎಷ್ಟು ಅಂತ ಇಡೋಣ?

ಹಾಗಂತ ಕಂಡದ್ದೆಲ್ಲ ತಂದು ಗುಡ್ಡೆ ಹಾಕಬೇಕಿಲ್ಲ. ಎರಡು ಪ್ರಶ್ನೆ ಕೇಳಿಕೊಳ್ಳಿ. ಇದು ಹೋದರೆ ಗಾಣ ನಿಲ್ಲುತ್ತದಾ? ಬೇಕೆಂದಾಗ ಸಿಗಲು ಎಷ್ಟು ಹೊತ್ತು? ಮಾಮೂಲಿ ಬೋಲ್ಟ್ ಊರಲ್ಲೇ ಸಿಗುತ್ತದೆ, ಬಿಡಿ. ಹಲ್ಲು ಮುರಿದ ಪಿನಿಯನ್, ಅಂದರೆ ಚಿಕ್ಕ ಗೇರ್ ಚಕ್ರ, ಹೊಸದಾಗಿ ಮಾಡಿಸಲು ದಿನಗಟ್ಟಲೆ ಬೇಕಾಗಬಹುದು, ಅದು ಕೈಯಲ್ಲಿ ಇರಲೇಬೇಕು. ಆಯಿಲ್ ಸೀಲ್ ಚಿಲ್ಲರೆ ಕಾಸಿನದು, ಆದರೆ ಅದು ಸೋರಿ ಆಯಿಲ್ ಖಾಲಿಯಾದರೆ ಗೇರ್‌ಬಾಕ್ಸೇ ಹೋಗುತ್ತದೆ.

ಬೇರಿಂಗ್ ತರುವಾಗ ಮೇಲಿನ ನಂಬರ್ ಪೂರ್ತಿ ಬರೆದುಕೊಳ್ಳಿ. 6205 ಅಂದರೆ ಕೊನೆಯ 05 ಅನ್ನು ಐದರಿಂದ ಗುಣಿಸಿ, 25 ಮಿಲಿಮೀಟರ್ ಶಾಫ್ಟ್‌ಗೆ ಕೂರುವಂಥದ್ದು. ಮುಂದೆ ಝಡ್‌ಝಡ್ ಅಂತಿದ್ದರೆ ಎರಡೂ ಕಡೆ ತಗಡಿನ ಮುಚ್ಚಳ, 2ಆರ್‌ಎಸ್ ಅಂತಿದ್ದರೆ ರಬ್ಬರ್ ಸೀಲ್. ಧೂಳು, ನೀರು ಬೀಳುವ ಜಾಗಕ್ಕೆ ರಬ್ಬರಿನದೇ ವಾಸಿ.

ನನಗೆ ತುಂಬಾ ಬೇಜಾರಾಗುವುದು ತಂದ ಸಾಮಾನು ಇಡುವ ರೀತಿ ನೋಡಿ. ಹೊಸ ಬೇರಿಂಗಿನ ಕವರ್ ಹರಿದು, ಬೆವರು ಕೈಯಲ್ಲಿ ತಿರುಗಿಸಿ ನೋಡಿ, ಹಾಗೇ ಕಿಟಕಿ ಮೇಲೆ ಇಡುತ್ತಾರೆ. ತುಕ್ಕು ಅಲ್ಲಿಂದಲೇ ಶುರು. ಹಾಕುವ ದಿನದವರೆಗೂ ಕವರ್ ಬಿಚ್ಚಬೇಡಿ, ಒಣ ಜಾಗದಲ್ಲಿ ಮಲಗಿಸಿ ಇಡಿ. ವಿ-ಬೆಲ್ಟನ್ನು ಮೊಳೆಗೆ ನೇತುಹಾಕಿದರೆ ಅಲ್ಲೇ ಮಡಿಕೆ ಬೀಳುತ್ತದೆ. ಬೆಲ್ಟ್ ಬದಲಾಯಿಸುವಾಗ ಇಡೀ ಸೆಟ್ ಬದಲಾಯಿಸಿ, ಅದಕ್ಕೇ ಒಂದು ಪೂರ್ತಿ ಸೆಟ್ ಇಟ್ಟಿರಿ. ಹಳೆಯದರ ಜೊತೆ ಒಂದೇ ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೇ ಬೀಳುತ್ತದೆ. ಸ್ಪೇರ್ ಮೋಟರ್ ಇದ್ದರೆ ಓಡುವ ಗಾಣದ ಪಕ್ಕ ನೆಲದ ಮೇಲೆ ಇಡಬೇಡಿ, ಆ ನಡುಕಕ್ಕೇ ಒಳಗಿನ ಬೇರಿಂಗಿನಲ್ಲಿ ಗುರುತು ಬೀಳುತ್ತದೆ. ಆಗಾಗ ಶಾಫ್ಟನ್ನು ಕೈಯಲ್ಲಿ ತಿರುಗಿಸುತ್ತಿರಿ. ಹಾಕುವ ಮುಂಚೆ ಮೆಗ್ಗರ್ (ಇನ್ಸುಲೇಷನ್ ಸರಿಯಿದೆಯಾ ಅಂತ ನೋಡುವ ಮೀಟರ್) ಹಿಡಿದು ನೋಡಿ, ವೈಂಡಿಂಗ್, ಅಂದರೆ ಒಳಗಿನ ತಂತಿ ಸುತ್ತು, ತೇವ ಹಿಡಿದಿರಬಹುದು.

ಮೋಟರ್ ದುಬಾರಿ, ನಿಜ. ಅಕ್ಕಪಕ್ಕದ ಮೂರ್ನಾಲ್ಕು ಆಲೆಮನೆಗಳಲ್ಲಿ ಒಂದೇ ಅಳತೆಯ, ಒಂದೇ ಎಚ್‌ಪಿ ಮೋಟರ್ ಇದ್ದರೆ ಎಲ್ಲರೂ ಸೇರಿ ಒಂದನ್ನು ತಂದಿಡಬಹುದು, ಅಲ್ವಾ? ತೆಗೆದುಕೊಂಡು ಹೋದವರು ಕೆಟ್ಟದ್ದನ್ನು ರೀವೈಂಡ್ ಮಾಡಿಸಿ ಅದೇ ಜಾಗಕ್ಕೆ ತಂದಿಡಬೇಕು. ಈ ಕರಾರು ಮಾತ್ರ ದುಡ್ಡು ಹಾಕುವ ಮುಂಚೆಯೇ ಆಗಿರಲಿ.