ಎದೆ ಒತ್ತುವುದನ್ನು ನಿಲ್ಲಿಸುವ ಹೊತ್ತು

ಮನೆಯಲ್ಲಿ ಯಾರಾದರೂ ಕುಸಿದು ಬಿದ್ದರೆ ಕರ್ನಾಟಕದ ನಮ್ಮೂರಲ್ಲಿ ಮೊದಲು ಬರುವ ಮಾತು, "ಬೇಗ ಆಸ್ಪತ್ರೆಗೆ ಕರ್ಕೊಂಡು ಹೋಗಿ". ಇಂಗ್ಲೆಂಡಿನಲ್ಲಿ ಪ್ಯಾರಾಮೆಡಿಕ್ (ಆಂಬುಲೆನ್ಸ್‌ನಲ್ಲಿ ಚಿಕಿತ್ಸೆ ಕೊಡುವವ) ಆದ ಮೇಲೆ ನಾನು ಕಲಿತದ್ದು ಬೇರೆಯದೇ ರೂಢಿ. ಹೃದಯ ನಿಂತವರನ್ನು ಇಲ್ಲಿ ಸಾಮಾನ್ಯವಾಗಿ ತಕ್ಷಣ ಎತ್ತಿಕೊಂಡು ಹೋಗುವುದಿಲ್ಲ. ಸೋಫಾ, ಟೀಪಾಯಿ ಪಕ್ಕಕ್ಕೆ ಸರಿಸಿ ನೆಲದ ಮೇಲೆಯೇ ಎದೆ ಒತ್ತುತ್ತೇವೆ, ನಿಮಿಷಕ್ಕೆ 100ರಿಂದ 120 ಸಲ. ಎರಡು ನಿಮಿಷಕ್ಕೊಮ್ಮೆ ಕೈ ತೆಗೆದು ಮಾನಿಟರ್ ನೋಡುತ್ತೇವೆ. ಶಾಕ್ ಕೊಡುವಂತಿದ್ದರೆ ಕೊಡುತ್ತೇವೆ. ಉಸಿರು, ಔಷಧ ಎಲ್ಲ ಕೊಟ್ಟೂ 20 ನಿಮಿಷ ಮಾನಿಟರ್‌ನಲ್ಲಿ ಹೃದಯದ ಗೆರೆ ಏಳದೇ ಇದ್ದರೆ, ಅಲ್ಲೇ ನಿಲ್ಲಿಸುವ ಅಧಿಕಾರ ನಮಗಿದೆ. ನೀರಲ್ಲಿ ಮುಳುಗಿದವರು, ಚಳಿಗೆ ಮೈ ತಣ್ಣಗಾದವರು, ಗರ್ಭಿಣಿಯರು, ಮಕ್ಕಳು, ಇವರಿಗೆ ಈ ಲೆಕ್ಕ ಹಾಕುವುದಿಲ್ಲ.

ಇದು ಕೈಬಿಟ್ಟ ಹಾಗೆ ಅಲ್ವಾ ಎಂದು ಊರಲ್ಲಿ ಕೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಓಡುವ ಗಾಡಿಯಲ್ಲಿ ಎದೆ ಸರಿಯಾಗಿ ಒತ್ತಲು ಆಗುವುದೇ ಕಷ್ಟ. ನಮ್ಮೂರ 108 ಆಂಬುಲೆನ್ಸ್‌ನಲ್ಲಿ ರೋಗಿಯ ಜೊತೆ ಇರುವುದು ಸಾಮಾನ್ಯವಾಗಿ ಒಬ್ಬರೇ ಇಎಂಟಿ (ತುರ್ತು ಚಿಕಿತ್ಸೆ ಕೊಡುವ ಸಿಬ್ಬಂದಿ), ಮುಂದೆ ಪೈಲಟ್, ಅಂದರೆ ಚಾಲಕ. ಹಂಪ್ ಬಂದಾಗಲೆಲ್ಲ ಕಂಬಿ ಹಿಡಿದುಕೊಂಡು, ಆ ಒಬ್ಬರೇ ಎದೆಯನ್ನೂ ಒತ್ತಬೇಕು, ಉಸಿರನ್ನೂ ಕೊಡಬೇಕು. ಅಲ್ಲಿ ಜೀವ ಹೋಗಿದೆ ಎಂದು ಹೇಳಲು ವೈದ್ಯರೇ ಬೇಕು. ಹಾಗಾಗಿ ಎಷ್ಟೋ ಮನೆಯವರಿಗೆ ಸುದ್ದಿ ಸಿಗುವುದು ಕ್ಯಾಜುವಾಲ್ಟಿ ಬಾಗಿಲಲ್ಲಿ, 'ಬ್ರಾಟ್ ಡೆಡ್' (ತರುವಾಗಲೇ ಜೀವ ಹೋಗಿತ್ತು) ಎಂಬ ಎರಡೇ ಮಾತಿನಲ್ಲಿ. ಇಂಗ್ಲೆಂಡಿನಲ್ಲಿ ನಿಲ್ಲಿಸಿದ ಮೇಲೆ ತಲೆಗೆ ದಿಂಬು ಕೊಟ್ಟು, ಹೊದಿಕೆ ಹೊದಿಸಿ, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸುತ್ತೇವೆ. ಹಠಾತ್ ಸಾವಾದರೆ ಇಲ್ಲೂ ಸಾಮಾನ್ಯವಾಗಿ ಪೊಲೀಸರು ಬರುತ್ತಾರೆ. ಆದರೆ ಮನೆಗೇ ಬರುತ್ತಾರೆ.

ಬದುಕಬಹುದಾದವರನ್ನೇ ಬಿಟ್ಟುಬಿಟ್ಟರೆ? ಈ ಭಯ ಸುಳ್ಳಲ್ಲ. ಕೆನಡಾದ ಒಂಟಾರಿಯೊದಲ್ಲಿ ಒಂದು ನಿಯಮವನ್ನು ಪರೀಕ್ಷಿಸಿ 2006ರಲ್ಲಿ ಪ್ರಕಟಿಸಿದರು. ಹೃದಯ ನಿಂತದ್ದು ಆಂಬುಲೆನ್ಸ್‌ನವರ ಕಣ್ಣೆದುರಲ್ಲ, ಶಾಕ್ ಕೊಟ್ಟಿಲ್ಲ, ನಾಡಿ ಮರಳಿಲ್ಲ. ಮೂರೂ ಸೇರಿದರೆ ನಿಲ್ಲಿಸಬಹುದು ಎಂಬುದು ಆ ನಿಯಮ. ಅದು 'ನಿಲ್ಲಿಸಿ' ಎಂದರೂ ನಿಲ್ಲಿಸದೆ ಚಿಕಿತ್ಸೆ ಮುಂದುವರಿಸಿದ 776 ಜನರಲ್ಲಿ 4 ಮಂದಿ ಬದುಕಿದ್ದರು. ಆ ನಾಲ್ವರೂ ಯಾರದೋ ಮನೆಯವರೇ. ಅದಕ್ಕೇ ಬರೀ ನಿಯಮದ ಮೇಲೆ, ಗಡಿಯಾರದ ಮೇಲೆ ಭಾರ ಹಾಕಬಾರದು. ಅನುಮಾನ ಬಂದರೆ ಕೆಲಸದಲ್ಲಿ ನಮಗಿಂತ ಹಿರಿಯರಿಗೆ ಫೋನ್ ಮಾಡಿ ಕೇಳಬೇಕು, ಇನ್ನೂ ಸ್ವಲ್ಪ ಹೊತ್ತು ಒತ್ತಬೇಕು.

ಹಾಗಂತ ಈ ಪದ್ಧತಿಯನ್ನು ನಾಳೆಯೇ ಕರ್ನಾಟಕಕ್ಕೆ ತನ್ನಿ ಎಂದು ನಾನು ಹೇಳಲಾರೆ. ಇಂಗ್ಲೆಂಡಿನಲ್ಲಿ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡಿದವರ ಕೈಯಲ್ಲೇ, ನಾವು ತಲುಪುವ ಮುಂಚೆ, ಫೋನ್ ಎತ್ತಿದ ಸಿಬ್ಬಂದಿ ಎದೆ ಒತ್ತಿಸಲು ಶುರುಮಾಡುತ್ತಾರೆ. ನಮ್ಮಲ್ಲಿ ಎಷ್ಟೋ ಕಡೆ ಗಾಡಿ ಬರುವವರೆಗೆ ಎಲ್ಲರೂ ಸುತ್ತ ನಿಂತು ನೀರು ಚಿಮುಕಿಸುತ್ತಾರೆ, ಅಂಗಾಲು ಉಜ್ಜುತ್ತಾರೆ. ಶುರುವೇ ಮಾಡದ ಕಡೆ ನಿಲ್ಲಿಸುವ ನಿಯಮ ತಂದರೆ ಅನ್ಯಾಯವಾಗುತ್ತದೆ. ಮೊದಲು ಹೈಸ್ಕೂಲ್ ಮಕ್ಕಳಿಗೆ, ಬಸ್ ಕಂಡಕ್ಟರುಗಳಿಗೆ, ಅಪಾರ್ಟ್‌ಮೆಂಟ್ ಕಾವಲಿನವರಿಗೆ ಸಿಪಿಆರ್, ಅಂದರೆ ಹೀಗೆ ಎದೆ ಒತ್ತುವುದನ್ನು, ಕಲಿಸಿ. ಇಎಂಟಿ ಜೊತೆಗೆ ಇನ್ನೊಂದು ಜೋಡಿ ಕೈ ಕೊಡಿ. ಇಷ್ಟಾದ ಮೇಲೆ, ಫೋನಿನಲ್ಲಿ ವೈದ್ಯರ ಒಪ್ಪಿಗೆ ಪಡೆದು ಮನೆಯಲ್ಲೇ ನಿಲ್ಲಿಸುವ ಹಕ್ಕನ್ನೂ ಅವರಿಗೆ ಕೊಡಿ.