ಹುಳಿ ಅಕ್ಕಿ ನೀರಿಗೆ ಬಂಗು ಹೋಗುವುದಿಲ್ಲ
ಕಾರವಾರ, ಕುಮಟಾ ಕಡೆ ವಾಟ್ಸಾಪ್‌ನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ: ಅಕ್ಕಿ ತೊಳೆದ ನೀರನ್ನು 3 ದಿನ ಹುಳಿ ಬರಿಸಿ ರಾತ್ರಿಯಿಡೀ ಮುಖಕ್ಕೆ ಹಚ್ಚಿದರೆ ಬಂಗು ಮಾಯ, ಕೊರಿಯಾದ ಕ್ರೀಮಿನಲ್ಲಿರುವುದೂ ಇದೇ ಅಂತ. ಇದೇ ಅಲ್ಲ. ಅಲ್ಲಿ ಆಯ್ದ ಯೀಸ್ಟ್‌ನಿಂದ ಹುದುಗಿಸಿ, ಸೋಸಿ, ಕೆಡದಂತೆ ಪ್ರಿಸರ್ವೇಟಿವ್ ಹಾಕಿರುತ್ತಾರೆ. ನಮ್ಮ ಕರಾವಳಿಯ ಸೆಕೆಗೆ 3 ದಿನದಲ್ಲಿ ಪಾತ್ರೆ ಮೇಲೆ ಬಿಳಿ ಪೊರೆ ಕಟ್ಟಿ, ವಾಸನೆ ಮೂಗಿಗೆ ಹೊಡೆಯುತ್ತದೆ, ಅದರಲ್ಲಿ ಯಾವ ಸೂಕ್ಷ್ಮಜೀವಿ ಬೆಳೆದಿದೆಯೋ ಯಾರಿಗೆ ಗೊತ್ತು? ಹುಳಿಯಲ್ಲಿರುವ ಲ್ಯಾಕ್ಟಿಕ್ ಆಮ್ಲ ಸತ್ತ ಚರ್ಮವನ್ನು ಸಡಿಲಿಸುತ್ತದೆ, ನಿಜ. ಜಾಸ್ತಿಯಾದರೆ ಉರಿಯುವುದೂ ಅದೇ, ಅಲ್ವಾ? ಕಲೆ ತಿಳಿಯಾಗಿಸಲು ಬಳಸುವ ಕೋಜಿಕ್ ಆಮ್ಲ ಆಸ್ಪರ್ಜಿಲಸ್ ಒರೈಜೆಯಂಥ ಶಿಲೀಂಧ್ರದಿಂದ ಬರುತ್ತದೆ, ಸುಮ್ನೆ ನೀರು ಮುಚ್ಚಿಟ್ಟರೆ ಸಿಗುವಂಥದ್ದಲ್ಲ. ಬಂಗು ಹೆಚ್ಚಿಸುವುದು ಮುಖ್ಯವಾಗಿ ಬಿಸಿಲು. ಹೊರಗೆ ಹೋಗುವಾಗ ಎಸ್‌ಪಿಎಫ್ 30ರ ಸನ್‌ಸ್ಕ್ರೀನ್ ಹಚ್ಚಿ, ಕಲೆಯನ್ನು ಚರ್ಮದ ಡಾಕ್ಟರಿಗೆ ತೋರಿಸಿ.