ಪ್ರಮಾಣಪತ್ರ ಬಾಗಿಲಲ್ಲಿ ತೋರಿಸಿ, ಲೋಟ ಒಳಗೆ ಕಳಿಸಿ

ಸಾವಯವ ಎಂದ ಕೂಡಲೇ ನಾಲಗೆಗಿಂತ ಮೊದಲು ಮನಸ್ಸು ಕರಗುತ್ತದೆ. ಪಾಪ, ವಿಷ ಹೊಡೆಯದೆ ಬೆಳೆದಿದ್ದಾರೆ, ಎರಡು ಅಂಕ ಹೆಚ್ಚಿಗೆ ಬೀಳಲಿ ಅನ್ನಿಸುತ್ತದೆ. ಸಾವಯವ ವೈನ್ ಸ್ಪರ್ಧೆ ನಡೆಸುವವರಿಗೆ ಮೊದಲ ತಲೆನೋವು ಈ ಕರುಣೆಯದ್ದೇ. ನಾನಿರುವುದು ಜರ್ಮನಿಯ ಫಾಲ್ಟ್ಸ್ ಸೀಮೆಯಲ್ಲಿ. ವೈನ್ ನನ್ನ ಕಸುಬಲ್ಲ. ಬೆಳೆಗಾರರ ಸಂಘವೊಂದು ನಡೆಸುವ ಸಣ್ಣ ಸ್ಪರ್ಧೆಯಲ್ಲಿ ಹಿಂದಿನ ಕೋಣೆಯ ಚಾಕರಿಗೆ ಹೋಗುತ್ತೇನೆ: ಬಾಟಲಿ ತೆರೆಯುವುದು, ಚೀಲ ತೊಡಿಸುವುದು, ಸಂಖ್ಯೆ ಹಚ್ಚುವುದು. ಮಗ ಮದ್ಯದಂಗಡಿಯಲ್ಲಿ ಕೆಲಸಕ್ಕಿದ್ದಾನೆ ಎಂದು ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆಯ ನಮ್ಮ ಮನೆಯಲ್ಲಿ ಸುದ್ದಿಯಾಗಿದೆ, ಬಿಡಿ.

ಒಂದು ವೈನ್ ಸಾವಯವವೋ ಅಲ್ಲವೋ ಎಂದು ಕುಡಿದು ಹೇಳಲು ಯಾರಿಂದಲೂ ಆಗದು. ಅದು ಕಾಗದಪತ್ರದ ವಿಚಾರ. ಐರೋಪ್ಯ ಒಕ್ಕೂಟದಲ್ಲಿ 2012ರ ಆಗಸ್ಟ್‌ವರೆಗೆ ‘ಸಾವಯವ ವೈನ್’ ಎಂದು ಬಾಟಲಿಯ ಮೇಲೆ ಬರೆಯುವಂತೆಯೇ ಇರಲಿಲ್ಲ. ‘ಸಾವಯವ ದ್ರಾಕ್ಷಿಯಿಂದ ಮಾಡಿದ ವೈನ್’ ಎನ್ನಬೇಕಿತ್ತು, ಏಕೆಂದರೆ ನಿಯಮ ತೋಟದ ಬೇಲಿಯ ಬಳಿಯೇ ನಿಂತುಬಿಡುತ್ತಿತ್ತು. ಆಮೇಲೆ ಅದು ವೈನ್ ಮಾಡುವ ನೆಲಮಾಳಿಗೆಗೂ ಇಳಿಯಿತು. ಸಿಹಿ ಉಳಿಯದ ಕೆಂಪು ವೈನಿನಲ್ಲಿ ಲೀಟರಿಗೆ 100 ಮಿಲಿಗ್ರಾಂ, ಬಿಳಿಯದರಲ್ಲಿ 150 ಮಿಲಿಗ್ರಾಂ ಮೀರಿ ಸಲ್ಫೈಟ್, ಅಂದರೆ ವೈನ್ ಕೆಡದಂತೆ ಕಾಯುವ ಗಂಧಕದ ಸಂಯುಕ್ತ, ಇರಕೂಡದು. ಮಾಮೂಲಿ ವೈನಿಗಾದರೆ ಈ ಮಿತಿ 150 ಮತ್ತು 200. ಅಮೆರಿಕದಲ್ಲಿ ಇನ್ನೂ ಬಿಗಿ: ಹೊರಗಿನಿಂದ ಸಲ್ಫೈಟ್ ಬೆರೆಸಿದ್ದರೆ ‘ಸಾವಯವ ವೈನ್’ ಎಂಬ ಹೆಸರೇ ಸಿಗದು. ಹೀಗಾಗಿ ಹಲವು ದೇಶಗಳ ಬಾಟಲಿ ಕರೆಯುವವರು ಯಾರ ನಿಯಮದ ಪ್ರಕಾರ ಸಾವಯವ ಎಂಬುದನ್ನು ಅರ್ಜಿಯಲ್ಲೇ ಬರೆದಿಡಬೇಕು. ಪ್ರಮಾಣಪತ್ರ ನೋಡುವ ಗುಮಾಸ್ತೆ ಬೇರೆ, ರುಚಿ ನೋಡುವ ತೀರ್ಪುಗಾರ ಬೇರೆ. ಇಬ್ಬರೂ ಒಂದೇ ಮೇಜಿಗೆ ಕೂತರೆ ಕೆಲಸ ಕೆಟ್ಟಿತೆಂದೇ ಲೆಕ್ಕ.

ನಮ್ಮ ಕಡೆಯ ಕೃಷಿ ಪ್ರದರ್ಶನಗಳಲ್ಲಿ ಇಬ್ಬರೂ ಒಂದೇ ಮೇಜಿನಲ್ಲಿರುತ್ತಾರೆ. ಹಲಸಿನಹಣ್ಣಿನ ಮುಂದೆ ಬೆಳೆದವರ ಹೆಸರು, ಊರು, ಕೆಲವೊಮ್ಮೆ ಭಾವಚಿತ್ರ. ಪಕ್ಕದಲ್ಲಿ ಬೆಳೆದವರೇ ಕೈಮುಗಿದು ನಿಂತಿರುತ್ತಾರೆ. ತೀರ್ಪುಗಾರರು ತೊಳೆ ಬಾಯಿಗಿಟ್ಟು, “ಗೊಬ್ಬರ ಏನು ಹಾಕಿದಿರಿ ರಾಯರೇ?” ಎಂದು ಕುಶಲ ವಿಚಾರಿಸಿ ಮುಂದೆ ಹೋಗುತ್ತಾರೆ. ಕೊನೆಗೆ ಶಾಲು, ಹಾರ, ಸ್ಮರಣಿಕೆ ಎಲ್ಲರಿಗೂ. ಇದರಲ್ಲಿ ಸೌಜನ್ಯ ಇದೆ, ಅದನ್ನು ಹೀಗಳೆಯಲಾರೆ. ಮಣ್ಣು ಉಳಿಸಿಕೊಂಡವರಿಗೆ ಊರು ಶಾಲು ಹೊದಿಸುವುದು ಸರಿಯೇ. ಆದರೆ ಹಣ್ಣಿಗೆ ಸಿಕ್ಕ ಬಹುಮಾನ ಯಾವುದು, ಬೇಸಾಯಕ್ಕೆ ಸಿಕ್ಕದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯುವುದಿಲ್ಲ.

ಇಲ್ಲಿಯ ಹಿಂದಿನ ಕೋಣೆಯಲ್ಲಿ ನಮ್ಮ ಶ್ರಮವೆಲ್ಲ ಗುರುತು ಅಳಿಸುವುದಕ್ಕೆ. ಬಾಟಲಿಗೆ ಬರೀ ಬಟ್ಟೆ ಸುತ್ತಿದರೆ ಸಾಲದು. ಕತ್ತಿನ ತಗಡನ್ನು ಪೂರ್ತಿ ಸುಲಿಯಬೇಕು, ಬಿರಡೆಯನ್ನು ಮುಚ್ಚಿಡಬೇಕು, ಏಕೆಂದರೆ ಅದರ ಮೇಲೂ ಹೆಸರು ಅಚ್ಚಾಗಿರುತ್ತದೆ. ಬಾಟಲಿಯ ಭುಜದ ಇಳಿಜಾರು ನೋಡಿಯೇ ಸೀಮೆ ಹೇಳುವ ಚಾಲಾಕಿಗಳಿದ್ದಾರೆ. ಅಂಥವರು ಇದ್ದಾರೆಂದು ಗೊತ್ತಾದರೆ ಲೋಟಗಳನ್ನು ಒಳಗೇ ತುಂಬಿ ಕಳಿಸುತ್ತೇವೆ. ಅಂತರರಾಷ್ಟ್ರೀಯ ದ್ರಾಕ್ಷಿ ಮತ್ತು ವೈನ್ ಸಂಸ್ಥೆ, ಅಂದರೆ ಓಐವಿ, ಇಂಥ ಸ್ಪರ್ಧೆಗಳಿಗೆಂದು 2009ರಲ್ಲಿ ಮಾಡಿದ ನಿಯಮದಲ್ಲಿ ಅಂಕಪಟ್ಟಿಯೂ ಇದೆ. ನೋಟಕ್ಕೆ 15, ಮೂಗಿಗೆ 30, ಬಾಯಿಗೆ 44, ಒಟ್ಟು ಹದಕ್ಕೆ 11. 92ಕ್ಕೆ ಮಹಾಚಿನ್ನ, 85ಕ್ಕೆ ಚಿನ್ನ, 82ಕ್ಕೆ ಬೆಳ್ಳಿ, 80ಕ್ಕೆ ಕಂಚು. ಸಾವಯವಕ್ಕೆಂದು ಈ ಪಟ್ಟಿಯಲ್ಲಿ ಅರ್ಧ ಅಂಕವೂ ಇಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇನ್ನೊಂದು ಕಟ್ಟಳೆ: ಬಂದ ಮಾದರಿಗಳಲ್ಲಿ ನೂರಕ್ಕೆ 30ಕ್ಕಿಂತ ಹೆಚ್ಚಿನವಕ್ಕೆ ಪದಕ ಕೊಡುವಂತಿಲ್ಲ. ಸಾವಿರ ಬಾಟಲಿ ಬಂದರೆ ಏಳುನೂರು ಬರಿಗೈಯಲ್ಲಿ ಹೋಗಬೇಕು, ಎಲ್ಲವೂ ಎಂಬತ್ತು ದಾಟಿದ್ದರೂ ಸರಿಯೇ. ಸ್ಮರಣಿಕೆ ಹಂಚುವ ನಮ್ಮ ಸಂಘಟಕರಿಗೆ ಇದನ್ನು ಹೇಳಿದರೆ ಎದೆ ಒಡೆದಾರು.

ಹಾಗೆಂದು ಪೂರ್ತಿ ಕಣ್ಣು ಕಟ್ಟುವ ಪದ್ಧತಿಯ ಪರ ನಾನಿಲ್ಲ. ಬವೇರಿಯಾದ ಫ್ರಾಸ್‌ಡಾರ್ಫ್‌ನಿಂದ ನಡೆಯುವ ಅಂತರರಾಷ್ಟ್ರೀಯ ಸಾವಯವ ವೈನ್ ಪ್ರಶಸ್ತಿಯಲ್ಲಿ ಕ್ರಮ ಬೇರೆ. ದ್ರಾಕ್ಷಿ ತಳಿ, ವರ್ಷ, ಸೀಮೆ, ವೈನ್ ಮಾಡಿದ ರೀತಿ ಇವಿಷ್ಟನ್ನೂ ತೀರ್ಪುಗಾರರಿಗೆ ತಿಳಿಸುತ್ತಾರೆ. ತಯಾರಕರ ಹೆಸರನ್ನು ಮಾತ್ರ ಮುಚ್ಚಿಡುತ್ತಾರೆ. ಸಾವಯವಕ್ಕೆ ಇದೇ ಹೆಚ್ಚು ನ್ಯಾಯ ಎಂಬುದು ನನ್ನ ಪಕ್ಷ. ಯಾಕೆ ಎಂಬುದು ಅಡಿಕೆ ತೋಟದಲ್ಲಿ ಬೆಳೆದವರಿಗೆ ಬೇಗ ಅರ್ಥವಾಗುತ್ತದೆ.

ದ್ರಾಕ್ಷಿಯ ದೊಡ್ಡ ಶತ್ರು ಮಳೆಯಲ್ಲಿ ಬರುವ ಬೂಜು ರೋಗ. ಅದಕ್ಕೆ ಸಾವಯವ ಬೆಳೆಗಾರನ ಕೈಯಲ್ಲಿರುವ ಮುಖ್ಯ ಆಯುಧ ತಾಮ್ರ. ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹುಟ್ಟಿದ್ದೇ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ. ಅದನ್ನು ಅಡಿಕೆಯ ಕೊಳೆರೋಗಕ್ಕೆ ಹೊಡೆದು ತೋರಿಸಿದವರು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್. ಪೀಪಾಯಿಯಲ್ಲಿ ಕಲಸಿದ ನೀಲಿ ದ್ರಾವಣಕ್ಕೆ ನಮ್ಮ ಕೊನೆಗಾರ ಕತ್ತಿಯ ಅಲಗು ಅದ್ದಿ ನೋಡುತ್ತಿದ್ದ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೊಂದು ಹಿಡಿ ಸುಣ್ಣ. ಆದರೆ ತಾಮ್ರ ಮಣ್ಣಿನಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಐರೋಪ್ಯ ಒಕ್ಕೂಟ ಏಳು ವರ್ಷಕ್ಕೆ ಹೆಕ್ಟೇರಿಗೆ 28 ಕಿಲೋ ಎಂದು ಮಿತಿ ಹಾಕಿದೆ. ಈ ಇಕ್ಕಟ್ಟಿನಿಂದ ಹೊರಬರಲು ಬೆಳೆಗಾರರು ರೋಗ ತಡೆಯುವ ಹೊಸ ಮಿಶ್ರತಳಿಗಳಿಗೆ ಹೊರಳುತ್ತಿದ್ದಾರೆ: ಫ್ರೈಬರ್ಗ್‌ನ ದ್ರಾಕ್ಷಿ ಸಂಶೋಧನಾ ಸಂಸ್ಥೆಯ ಸೋಲಾರಿಸ್, ಯೊಹಾನಿಟರ್, ಇಲ್ಲಿಯ ಫಾಲ್ಟ್ಸ್‌ನಲ್ಲೇ ಹುಟ್ಟಿದ ರೆಗೆಂಟ್.

ರೀಸ್ಲಿಂಗ್ ಎಂಬ ಹಳೆಯ ಬಿಳಿ ತಳಿಯ ವೈನ್ ಕುಡಿದೇ ಬೆಳೆದ ತೀರ್ಪುಗಾರನಿಗೆ ಹೆಸರು ಹೇಳದೆ ಸೋಲಾರಿಸ್ ಕೊಟ್ಟರೆ ‘ಕೆಟ್ಟ ರೀಸ್ಲಿಂಗ್’ ಎಂದು 78 ಬರೆದು ಪಕ್ಕಕ್ಕಿಡುತ್ತಾನೆ. ತಳಿ ಇಂಥದ್ದು ಎಂದು ತಿಳಿದರೆ ಅದು ಒಳ್ಳೆಯ ಸೋಲಾರಿಸ್ ಹೌದೋ ಅಲ್ಲವೋ ಎಂದು ಅಳೆಯುತ್ತಾನೆ. ಚಿಕ್ಕಬಳ್ಳಾಪುರ, ಕೋಲಾರದ ಕಡೆಯ ಬೆಂಗಳೂರು ನೀಲಿ ದ್ರಾಕ್ಷಿಗೂ ಇಲ್ಲಿ ಇದೇ ಗತಿಯಾದೀತು. ನಮಗೆ ಬಾಯಲ್ಲಿ ನೀರೂರಿಸುವ ಅದರ ಘಮ ಯುರೋಪಿನ ಮೂಗಿಗೆ ದೋಷ. ಒಂದು ಎಚ್ಚರ ಬೇಕು: ಮಾಹಿತಿ ಕೊಟ್ಟ ಕೂಡಲೇ ಕರುಣೆ ಹಿಂಬಾಗಿಲಿಂದ ನುಸುಳುತ್ತದೆ. ಹುಳಿ ಏರಿ ವಿನೆಗರ್ ಆದದ್ದನ್ನು ‘ಸಹಜ ಗುಣ’ ಎಂದು ಮುದ್ದಿಸುವವರು ಈಗ ಹೆಚ್ಚಾಗುತ್ತಿದ್ದಾರೆ. ಸಲ್ಫೈಟ್ ಕಡಿಮೆ ಎಂಬುದು ವೈನ್ ಕೆಡುವುದಕ್ಕೆ ಪರವಾನಗಿ ಅಲ್ಲ.

ಇನ್ನು ದುಡ್ಡಿನ ವಿಚಾರ. ದೊಡ್ಡ ಸ್ಪರ್ಧೆಗಳಲ್ಲಿ ಒಂದು ಮಾದರಿಗೆ ಶುಲ್ಕ ನೂರು ಯೂರೋ ದಾಟುವುದು ಸಾಮಾನ್ಯ. ಮೇಲೆ ಬಾಟಲಿಗಳನ್ನು ಪುಕ್ಕಟೆ ಕಳಿಸಬೇಕು, ಗೆದ್ದರೆ ಪದಕದ ಚೀಟಿಗೂ ಬೆಲೆ. ಎರಡು ಎಕರೆಯವನು ಈ ಕಡೆ ತಲೆ ಹಾಕುವುದಿಲ್ಲ. ಈ ವಿಷಯದಲ್ಲಿ ನಮ್ಮ ಪ್ರದರ್ಶನಗಳೇ ವಾಸಿ: ಬುಟ್ಟಿ ಹೊತ್ತು ಬಂದವನಿಗೆ ಜಾಗ ಉಂಟು. ಸಣ್ಣವರನ್ನು ಕಾಣಿಸುವ ಉಪಾಯ ಯುರೋಪಿನಲ್ಲೂ ಇಲ್ಲದಿಲ್ಲ. 1993ರಲ್ಲಿ ಶುರುವಾಗಿ ಈಗ ಫ್ರಾನ್ಸಿನ ಮೋಂಪೆಲಿಯೆಯಲ್ಲಿ ನಡೆಯುವ ಮಿಲೆಸೀಮ್ ಬಿಯೊ ಸಾವಯವ ವೈನ್ ಮೇಳದಲ್ಲಿ ಎಲ್ಲರಿಗೂ ಒಂದೇ ಅಳತೆಯ ಸರಳ ಮೇಜು, ಸೀಮೆಯ ಗುಂಪುಗಾರಿಕೆಯೂ ಇಲ್ಲ. ಕೋಟಿ ವಹಿವಾಟಿನವನ ಪಕ್ಕದಲ್ಲಿ ಗುಡ್ಡದ ಅಂಚಿನ ಒಕ್ಕಲು ಕೂತಿರುತ್ತಾನೆ. ಫ್ಲೆಕ್ಸ್ ಎಷ್ಟು ದೊಡ್ಡದು ಎಂದು ನೋಡಿ ಮಳಿಗೆಗೆ ಹೋಗುವ ನಮಗೆ ಇದು ಕಲಿಯಬೇಕಾದ ಪಾಠ.

ಹೆಸರು ಮುಚ್ಚಿ ರುಚಿ ನೋಡುವುದು ಕರ್ನಾಟಕಕ್ಕೆ ಹೊಸತೇನೂ ಅಲ್ಲ. ಕಾಫಿ ಮಂಡಳಿ 2002ರಿಂದ ಫೈನ್ ಕಪ್ ಪ್ರಶಸ್ತಿ ಕೊಡುತ್ತ ಬಂದಿದೆ. ಚಮಚದಲ್ಲಿ ಸೊರ್ರೆಂದು ಹೀರಿ ಉಗುಳುವ ಕಾಫಿ ಪರೀಕ್ಷಕನಿಗೂ ಇಲ್ಲಿಯ ವೈನ್ ತೀರ್ಪುಗಾರನಿಗೂ ಕೆಲಸದಲ್ಲಿ ವ್ಯತ್ಯಾಸ ಅಷ್ಟಿಲ್ಲ. ಅದೇ ಶಿಸ್ತನ್ನು ನಂದಿ ತಪ್ಪಲಿನ ವೈನಿಗೋ ಕೊಡಗಿನ ಮನೆಗಳ ವೈನಿಗೋ ತರಲು ಹೊಸ ವಿದ್ಯೆ ಬೇಕಿಲ್ಲ. ನಾನು ಸೇರಿಸುವುದು ಎರಡೇ ಷರತ್ತು. ಸೋತವರಿಗೂ ಅಂಕಪಟ್ಟಿ ಟಿಪ್ಪಣಿ ಸಹಿತ ಅಂಚೆಯಲ್ಲಿ ಹೋಗಬೇಕು. ಏನು ತಪ್ಪಿತು ಎಂದು ತಿಳಿಯದೆ ಮುಂದಿನ ವರ್ಷ ಅವರು ಏನನ್ನು ತಿದ್ದಿಕೊಂಡಾರು? ಎರಡನೆಯದು, ಮುಖ್ಯ ಅತಿಥಿಗಳು ಧಾರಾಳವಾಗಿ ಬರಲಿ, ದೀಪ ಹಚ್ಚಲಿ, ಭಾಷಣ ಮಾಡಲಿ, ಊಟ ಮುಗಿಸಿಕೊಂಡು ಹೋಗಲಿ. ಆದರೆ ಅಂಕಗಳ ಲಕೋಟೆಗೆ ಅರಗು ಹಾಕಿದ ಮಾರನೆಯ ದಿನ.